ಕರಿಬೇವು ರಾಯರ ಕಂಬಳಿ ಸೇವೆ

ಡಾಲಸ್ ಪಕ್ಕದ ನಮ್ಮ ಬಡಾವಣೆಯಲ್ಲಿ ಚಳಿಗಾಲ ಬಂತೆಂದು ತಿಳಿಯಲು ಟಿ.ವಿ. ಹಾಕಬೇಕಾಗಿಲ್ಲ. ರಾಯರ ಹಿತ್ತಲಲ್ಲಿ ನಿಂಬೆಗಿಡ ಸೀರೆ ಉಟ್ಟು ನಿಂತರೆ ಬಂತೆಂದೇ ಲೆಕ್ಕ. ಮಲ್ಲಿಗೆಗೆ ಪಂಚೆ, ದಾಸವಾಳಕ್ಕೆ ಮಗಳ ಹಳೆಯ ದುಪ್ಪಟ್ಟ, ನುಗ್ಗೆಗೆ ಜಮಖಾನ. ಒಂದು ಬೆಳದಿಂಗಳ ರಾತ್ರಿ ಎದುರುಮನೆಯ ಟೆಕ್ಸಸ್ ಅಜ್ಜಿ ಕಿಟಕಿಯಿಂದ ಇದನ್ನೆಲ್ಲ ನೋಡಿ, ಭಾರತದಿಂದ ಬಂದ ನೆಂಟರು ಪಾಪ ಹೊರಗೇ ನಿಂತಿದ್ದಾರೆಂದು ಮರುಗಿ, ಬೆಳಗಾಗುತ್ತಲೇ ಅವರಿಗೆಂದು ಕೇಕು ತಂದುಕೊಟ್ಟಿದ್ದರು.

ರಾಯರ ಪೂರ್ತಿ ಹೆಸರು ಬೇಡ. ಪ್ಲೇನೋ, ಫ್ರಿಸ್ಕೋ, ಅರ್ವಿಂಗ್, ಎಲ್ಲಿ ನಾಲ್ಕು ಮನೆ ಕನ್ನಡದವರಿದ್ದಾರೋ ಅಲ್ಲಿ ಒಬ್ಬ ರಾಯರು ಇದ್ದೇ ಇರುತ್ತಾರೆ. ಕೆಲವು ಕಡೆ ಅವರು ಗೌಡರಾಗಿರಬಹುದು, ಕೆಲವು ಕಡೆ ಪಾಟೀಲರು. ಕಂಬಳಿ ಮಾತ್ರ ಒಂದೇ.

ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ಈ ಮನುಷ್ಯನಿಗೆ ಮದುವೆಯಾದ ತಾರೀಕು ನೆನಪಿರುವುದಿಲ್ಲ. ಕಳೆದ ಐದು ವರ್ಷ ಯಾವ ರಾತ್ರಿ ಉಷ್ಣಾಂಶ ಎಷ್ಟಕ್ಕಿಳಿದಿತ್ತು ಎಂಬುದು ಬಾಯಿಪಾಠ. ಫೋನಿನಲ್ಲಿ ಹವಾಮಾನದ ಆ್ಯಪುಗಳು ಮೂರಿವೆ. ಮೂರೂ ಬೇರೆ ಬೇರೆ ಹೇಳಿದರೆ, ಹೆಚ್ಚು ಹೆದರಿಸಿದ್ದನ್ನು ನಂಬುತ್ತಾರೆ. ಬೆಂಗಳೂರಿನಲ್ಲಿದ್ದಾಗ 32 ಡಿಗ್ರಿ ಎಂದರೆ ಸೆಕೆಯೆಂದು ಫ್ಯಾನು ಹಾಕುತ್ತಿದ್ದವರು, ಇಲ್ಲಿ ಫ್ಯಾರನ್‌ಹೀಟ್ ಲೆಕ್ಕದ 32 ಎಂದು ಕೇಳಿದರೆ ಸಾಕು, ನೀರು ಹೆಪ್ಪುಗಟ್ಟುವ ಮೊದಲೇ ತಾವು ಹೆಪ್ಪುಗಟ್ಟುತ್ತಾರೆ. ನವೆಂಬರ್ ಬಂತೆಂದರೆ ಸಂಜೆ ನಾಲ್ಕಕ್ಕೆ ಎಲ್ಲರ ಫೋನೂ ರಿಂಗಾಗುತ್ತದೆ.

“ಏನ್ರೀ, ಇವತ್ತು ರಾತ್ರಿ ಇಪ್ಪತ್ತೊಂಬತ್ತಂತೆ! ಹೊದಿಸಿದ್ರಾ?”

“ಯಾರಿಗೆ ರಾಯರೇ?”

ಆ ಕಡೆ ಒಂದು ಗಳಿಗೆ ಮೌನ. ಹಸುಗೂಸನ್ನು ಬಿಸಿಲಲ್ಲಿ ಬಿಟ್ಟು ಬಂದವನೊಡನೆ ಮಾತಾಡುವ ದನಿಯಲ್ಲಿ, “ಗಿಡಕ್ಕೇರೀ!” ಎನ್ನುತ್ತಾರೆ.

ಅವರ ಹಿತ್ತಲಿನ ಪಟ್ಟದರಸಿ ಕರಿಬೇವು. ಅದಕ್ಕೆ ಕಾರಣವಿದೆ. ಊರಿಂದ ಬರುವಾಗ ಹಸಿ ಕರಿಬೇವು ತರುವಂತಿಲ್ಲ. ಎಲೆಯ ಜೊತೆ ಎಳ್ಳಿನಷ್ಟೇ ಇರುವ ಒಂದು ಕೀಟ ಬರಬಹುದು, ಅದರಿಂದ ಕಿತ್ತಳೆ ಜಾತಿಯ ಮರಗಳಿಗೆಲ್ಲ ಮದ್ದಿಲ್ಲದ ಗ್ರೀನಿಂಗ್ ರೋಗ ಹತ್ತಬಹುದು ಎಂದು ವಿಮಾನ ನಿಲ್ದಾಣದಲ್ಲೇ ಕಸಿದು ತೊಟ್ಟಿಗೆ ಹಾಕುತ್ತಾರೆ. ಹಾಗಾಗಿ ಇಲ್ಲಿ ಕೊಂಡ ಗೇಣುದ್ದದ ಸಸಿಯನ್ನು ರಾಯರು ಒಂಬತ್ತು ವರ್ಷ ಸಾಕಿ ಆಳೆತ್ತರ ಮಾಡಿದ್ದಾರೆ. ಅದರ ಕುಂಡಕ್ಕೆ ಗಾಲಿಗಳಿವೆ. ಮೊದಲ ಚಳಿಗೆ ಅದು ಉರುಳುತ್ತ ಬಂದು ಅತಿಥಿಗಳ ಕೋಣೆಯಲ್ಲಿ, ದಕ್ಷಿಣದ ಕಿಟಕಿಯ ಬಳಿ ಬಿಡಾರ ಹೂಡುತ್ತದೆ. ಒಂದು ಡಿಸೆಂಬರಿನಲ್ಲಿ ಮಾವನವರು ಬಂದರು. ಕೋಣೆ ಕರಿಬೇವಿಗೆ, ಮಾವನವರಿಗೆ ಹಾಲಿನ ಸೋಫಾ. “ಅವರು ಮಾರ್ಚಿಗೆ ಹೊರಡ್ತಾರೆ, ಇದು ಇಲ್ಲೇ ಇರೋದು” ಎಂದು ರಾಯರು ನನಗೆ ಗುಟ್ಟಾಗಿ ನ್ಯಾಯ ಒಪ್ಪಿಸಿದರು.

ಭಕ್ತಿ ಇಷ್ಟಿದ್ದರೂ ಪೂಜಾವಿಧಿ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರ ಹೆಂಡತಿಗೆ. ನಾವೆಲ್ಲ ಅತ್ತಿಗೆ ಎನ್ನುವ ಆಕೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು.

“ರೀ, ಹೊದಿಸೋಕೆ ಮುಂಚೆ ಬುಡಕ್ಕೆ ನೀರು ಹಾಕಿ” ಎಂದರು ಅತ್ತಿಗೆ.

“ಈ ಚಳೀಲಿ ನೀರೇ? ಗಿಡಕ್ಕೆ ಶೀತ ಆಗಲ್ವೇನೇ?”

ಒಣಮಣ್ಣಿಗಿಂತ ಒದ್ದೆಮಣ್ಣು ಹಗಲಿನ ಬಿಸಿಲನ್ನು ಹೆಚ್ಚು ಕೂಡಿಟ್ಟುಕೊಂಡು ರಾತ್ರಿ ಮೆಲ್ಲಗೆ ಬಿಟ್ಟುಕೊಡುತ್ತದೆ ಎಂಬುದು ರಾಯರಿಗೆ ತಲುಪಲು ಎರಡು ಚಳಿಗಾಲ ಮತ್ತು ಒಂದು ಪಪ್ಪಾಯಿ ಗಿಡ ಬೇಕಾದವು. ಹೊದಿಸುವ ರೀತಿಯೂ ಹಾಗೆಯೇ. ಗಿಡದ ತಲೆಗೆ ಸೀರೆ ಸುತ್ತಿ, ಕಾಂಡಕ್ಕೆ ಹಗ್ಗದಿಂದ ಬಿಗಿದು ಮೂಟೆ ಕಟ್ಟುತ್ತಿದ್ದರು. ಶಾಖ ಬರುವುದು ನೆಲದಿಂದ. ಅದಕ್ಕೆ ಒಳಗೆ ಬರಲು ಬಾಗಿಲೇ ಇಲ್ಲ. “ಸೆರಗು ನೆಲಕ್ಕೆ ತಾಗಬೇಕ್ರೀ” ಎಂದು ಅತ್ತಿಗೆ ಹೇಳಿದರೆ, “ಮಣ್ಣಾಗುತ್ತಲ್ಲೇ” ಎಂದು ರಾಯರಿಗೆ ಒಮ್ಮೆಲೇ ಸೀರೆಯ ಮೇಲೆ ಕಾಳಜಿ. ಮುಂದಿನ ವರ್ಷ ಸೀರೆ ಬಿಟ್ಟು ಪ್ಲಾಸ್ಟಿಕ್ ಹಾಳೆ ತಂದರು. ಅದು ತಗುಲಿದ ಕಡೆಯೆಲ್ಲ ಎಲೆ ಸುಟ್ಟು ಕಪ್ಪಾಯಿತು. ತಗುಲದ ಎಲೆಗಳು ಉಳಿದವಲ್ಲ ಎಂದುಕೊಂಡರೆ, ಮರುದಿನ ಬಿಸಿಲೇರಿದರೂ ಹಾಳೆ ತೆಗೆಯದೆ ಆಫೀಸಿಗೆ ಹೋಗಿಬಿಟ್ಟರು. ಸಂಜೆ ಬಂದು ನೋಡುವಾಗ ಮಲ್ಲಿಗೆ ಇಡ್ಲಿ ಪಾತ್ರೆಯಿಂದ ಇಳಿಸಿದ ಹಾಗಿತ್ತು.

ಆಮೇಲೆ ದೀಪದ ಯೋಗ. ಗಿಡಕ್ಕೆ ಕ್ರಿಸ್‌ಮಸ್ ದೀಪದ ಸರ ಸುತ್ತಿದರೆ ಬೆಚ್ಚಗಿರುತ್ತದೆಂದು ಯಾರೋ ಹೇಳಿದ್ದು ಸುಳ್ಳಲ್ಲ. ಮುಟ್ಟಿದರೆ ಬಿಸಿ ಹತ್ತುವ ಹಳೇಕಾಲದ ಬಲ್ಬಾದರೆ ಸರಿ. ರಾಯರು ಕರೆಂಟ್ ಬಿಲ್ಲು ಉಳಿಸಲು ಎಲ್‌ಇಡಿ ತಂದರು. ನಿಂಬೆಗಿಡ ಜಗಮಗ ಹೊಳೆಯುತ್ತಲೇ ನಡುಗಿತು. ಫೆಬ್ರವರಿಯಾದರೂ ಹಬ್ಬದ ದೀಪ ಇಳಿಸಿಲ್ಲವೇಕೆ ಎಂದು ಬಡಾವಣೆಯ ಸಂಘದಿಂದ ನೋಟಿಸ್ ಬಂದಾಗ, “ನಮ್ಮ ಹಬ್ಬಗಳು ಇನ್ನೂ ಮುಗಿದಿಲ್ಲ” ಎಂದು ಉತ್ತರ ಬರೆದರು. ಅದರಲ್ಲಿ ಸುಳ್ಳೇನೂ ಇಲ್ಲ, ನಮ್ಮ ಹಬ್ಬಗಳು ಮುಗಿಯುವುದು ಯಾವಾಗ?

ಹೀಗೆ ನಡೆಯುತ್ತಿದ್ದ ಸೇವೆಗೆ ನಿಜವಾದ ಪರೀಕ್ಷೆ ಬಂದದ್ದು 2021ರ ಫೆಬ್ರವರಿಯಲ್ಲಿ. 16ನೇ ತಾರೀಕು ಬೆಳಗ್ಗೆ ಡಾಲಸ್ಸಿನಲ್ಲಿ ಸೊನ್ನೆಗಿಂತ ಎರಡು ಫ್ಯಾರನ್‌ಹೀಟ್ ಕೆಳಗೆ. ನಮ್ಮೂರ ಲೆಕ್ಕದಲ್ಲಿ ಮೈನಸ್ 19. ಗಾಳಿಯಿಲ್ಲದ ಶುಭ್ರ ರಾತ್ರಿಯ ಇಬ್ಬನಿಗಡ್ಡೆಯಾದರೆ ಸೀರೆ ತಡೆದೀತು. ಇದು ಉತ್ತರಧ್ರುವದ ಕಡೆಯಿಂದ ಬೀಸಿಕೊಂಡು ಬಂದ ಗಾಳಿ. ಸೀರೆಯ ಮಾತು ಕೇಳುವುದಲ್ಲ. ಸಾಲದ್ದಕ್ಕೆ ಟೆಕ್ಸಸ್ಸಿನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟೇ ಹೋಯಿತು. ಮನೆಯೊಳಗೂ ಉಸಿರು ಹೊಗೆಯಾಗಿ ಕಾಣುತ್ತಿತ್ತು. ರಾಯರ ಮನೆಯ ನಾಲ್ವರೂ ಒಂದೇ ಕೋಣೆ ಸೇರಿದರು. ಐದನೆಯದಾಗಿ ಕರಿಬೇವು, ರಾಯರ ಮಂಕಿ ಕ್ಯಾಪ್ ಹಾಕಿಕೊಂಡು ನಡುವೆ ನಿಂತಿತು.

ಕಂಬಳಿ ಹಂಚುವಾಗ ಲೆಕ್ಕ ತಪ್ಪಿತು. ದಪ್ಪನೆಯದು ಹೊರಗೆ ನಿಂಬೆಗಿಡದ ಮೈಮೇಲಿತ್ತು. ಅತ್ತಿಗೆ ಎದ್ದು ಹೋಗಿ ಅದನ್ನು ಎಳೆದು ತಂದರು.

“ಅಯ್ಯೋ, ನಿಂಬೆ ಸತ್ತುಹೋಗುತ್ತೆ ಕಣೇ!”

“ನಿಂಬೆ ಸತ್ರೆ ಮೂವತ್ತು ಡಾಲರಿಗೆ ಇನ್ನೊಂದು ಬರುತ್ತೆ. ನಾನು ಸತ್ರೆ?”

ರಾಯರು ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡರಂತೆ. ಆ ಹೊತ್ತು ಎಷ್ಟೆಂಬುದರ ಬಗ್ಗೆ ದಂಪತಿಗಳಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಹಿಮ ಕರಗಿದಾಗ ಹಿತ್ತಲು ಒಲೆಯ ಬೂದಿಯ ಬಣ್ಣದಲ್ಲಿತ್ತು. ಕತ್ತರಿ ಹಿಡಿದು ಹೊರಟ ರಾಯರನ್ನು ಅತ್ತಿಗೆ ತಡೆದರು. ಚಳಿಗೆ ಸುಟ್ಟ ಗಿಡವನ್ನು ಚಿಗುರು ಬರುವವರೆಗೆ ಕತ್ತರಿಸಬಾರದು, ಎಲ್ಲಿಯವರೆಗೆ ಜೀವವಿದೆ ಎಂದು ಅದೇ ತೋರಿಸುತ್ತದೆ. ರಾಯರು ಕತ್ತರಿ ಇಟ್ಟರು, ಉಗುರು ತೆಗೆದರು. ತೊಗಟೆ ಕೆರೆದರೆ ಕೆಳಗೆ ಹಸಿರಿದ್ದರೆ ಜೀವ ಇದೆ ಎಂದರ್ಥ. ನಿಜವೇ, ಒಂದು ಸಲ ಕೆರೆದರೆ ಸಾಕು. ರಾಯರು ಬೆಳಗ್ಗೆ ಸಂಜೆ ಸಂಧ್ಯಾವಂದನೆಯ ಹಾಗೆ ಕೆರೆದು, ಚಳಿ ಉಳಿಸಿದ್ದ ತೊಗಟೆಯನ್ನೂ ಮುಗಿಸುತ್ತ ಬಂದರು.

ನಿಂಬೆ ಹೋಯಿತು. ಮಲ್ಲಿಗೆ ಹೋಯಿತು. ಅತ್ತಿಗೆ ಯಾರಿಗೂ ಹೇಳದೆ ಬುಡಕ್ಕೆ ಮೊಳಕಾಲೆತ್ತರ ದರಗು ಒಟ್ಟಿದ್ದ ನುಗ್ಗೆ ಏಪ್ರಿಲಿನಲ್ಲಿ ಬೇರಿನಿಂದ ಚಿಗುರಿತು. ಎಲೆಯೆಲ್ಲ ಉದುರಿಸಿದ್ದ ಕರಿಬೇವೂ ಬುಡದಲ್ಲಿ ಕಣ್ಣು ಬಿಟ್ಟಿತು. ಆದರೆ ರಾಯರು ನನ್ನನ್ನು ಕೈಹಿಡಿದು ಎಳೆದೊಯ್ದದ್ದು ಗೋಡೆಯ ಪಕ್ಕದ ಕಿತ್ತಳೆಯ ಕಡೆಗೆ. ಸತ್ಸುಮಾ ಎಂಬ ಜಾತಿ, ಸಿಪ್ಪೆ ಸಲೀಸಾಗಿ ಬಿಡುವ ಸಿಹಿಹಣ್ಣು. ಮೇಲಿನ ಮರವೆಲ್ಲ ಒಣಗಿ ಸೌದೆಯಾಗಿತ್ತು. ನೆಲಮಟ್ಟದಲ್ಲಿ ಮಾತ್ರ ಕಡುಹಸಿರು ಚಿಗುರು.

“ಬದುಕ್ತು ನೋಡ್ರೀ! ನನ್ನ ಜಮಖಾನದ ಪುಣ್ಯ!” ಎಂದವರು ಬಗ್ಗಿ ನೋಡಿ ಬೆರಗಾದರು. “ಒಂದು ತೊಟ್ಟಿಗೆ ಮೂರು ಎಲೆ! ಮುಳ್ಳು ಬೇರೆ! ಬಿಲ್ವ ಕಣ್ರೀ ಇದು! ಶಿವ ಶಿವಾ!”

ಅದು ಬಿಲ್ವವಲ್ಲ. ಇಂಥ ಕಿತ್ತಳೆಯನ್ನು ಹೆಚ್ಚಾಗಿ ಕಸಿ ಕಟ್ಟುವುದು ಮುಕ್ಕಿತ್ತಳೆ ಎನ್ನಬಹುದಾದ ಮೂರೆಲೆಯ ಮುಳ್ಳುಗಿಡದ ಮೇಲೆ. ಕಸಿಯ ಗಂಟಿನ ಮೇಲಿನದು ಸತ್ತಿತ್ತು, ಕೆಳಗಿನ ಮುಳ್ಳುಗಿಡ ಎದ್ದು ಬಂದಿತ್ತು. ಅದರ ಹಣ್ಣು ಮಹಾ ಹುಳಿ, ಬೀಜವೇ ಬೀಜ. ನಾನು ಬಾಯಿ ತೆರೆಯುವಷ್ಟರಲ್ಲಿ ರಾಯರು ಬಡಾವಣೆಗೆಲ್ಲ ಸುದ್ದಿ ಕಳಿಸಿಯಾಗಿತ್ತು. ಅಂದಿನಿಂದ ಕಾರ್ತಿಕ ಸೋಮವಾರಗಳಲ್ಲಿ ನಮ್ಮೆಲ್ಲರ ದೇವರಮನೆಗೂ ರಾಯರ ಪತ್ರೆಯೇ ಸರಬರಾಜು.

ತಡೆಯಲಾರದೆ ಒಂದು ದಿನ ಅತ್ತಿಗೆಯ ಕಿವಿಗೆ ಹಾಕಿದೆ.

“ಮೊದಲನೇ ಎಲೆ ಬಂದಾಗಲೇ ಗೊತ್ತಾಯ್ತು” ಎಂದರು. “ಸುಮ್ಮನಿರಿ. ಈ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿಕೊಂಡು ತಾನೇ ಮಲಗುತ್ತೆ. ಎಂಥಾ ಹಿಮ ಬಿದ್ದರೂ ಹೊದಿಕೆ ಕೇಳಲ್ಲ. ನನ್ನ ಸೀರೆ ಉಳೀತು.”

ಪುಸ್ತಕ ತೆರೆದು ನೋಡಿದರೆ, ಕರಿಬೇವು, ಕಿತ್ತಳೆ, ಬಿಲ್ವ, ಈ ಮುಳ್ಳುಗಿಡ ಎಲ್ಲವೂ ಒಂದೇ ಕುಟುಂಬದವು. ಒಂದು ಕಾಲದಲ್ಲಿ ಸಸ್ಯಶಾಸ್ತ್ರಜ್ಞರೇ ಇದನ್ನು ಬಿಲ್ವದ ಕುಲಕ್ಕೆ ಸೇರಿಸಿ ಹೆಸರಿಟ್ಟಿದ್ದರಂತೆ. ಅವರಿಗೇ ಹಾಗೆ ಕಂಡ ಮೇಲೆ ನಾವು ರಾಯರನ್ನು ನಗುವುದು ಹೇಗೆ?

ನಿಮ್ಮ ಊರಲ್ಲೂ ಒಬ್ಬ ರಾಯರಿದ್ದರೆ, ಚಳಿ ಬೀಳುವ ಮುನ್ನ ನೀರು ಹಾಕಲು ಹೇಳಿ, ಹೊದಿಕೆ ನೆಲ ಮುಟ್ಟಲಿ ಎನ್ನಿ, ಬೆಳಗ್ಗೆ ತೆಗೆಯಲು ನೆನಪಿಸಿ. ಬಿಲ್ವದ ವಿಷಯ ಮಾತ್ರ ಎತ್ತಬೇಡಿ.