ಎಳಿಯೊಳಗಿನ ನೀರು

"ಏನ್ ಕಾಕಾ, ಇಬ್ಬನಿ ಆರೂಕಿಂತ ಮೊದಲ ಹತ್ತಿ ಬಿಡಸಾಕ ಹಚ್ಚೀರಿ?"

"ಮತ್ತೇನ್ ಮಾಡ್ಲೋ ತಮ್ಮಾ? ಬಿಸಿಲು ಏರೂತನಾ ಆಳು ಕುಂದ್ರಂಗಿಲ್ಲ. ಮ್ಯಾಲೆ ನಾಕು ಕಿಲೋ ತೂಕಾನೂ ಬರತೈತಿ, ಬರಲಿ ಬಿಡು."

"ತೂಕ ಬರತೈತಿ, ರೇಟು ಹೋಗತೈತಿ. ಹತ್ತಿ ನಿಗಮದವರು ನೂರಕ್ಕ 8 ತೇವ ಇದ್ರ ಪೂರಾ ಬೆಂಬಲ ಬೆಲೆ ಕೊಡತಾರ. ಅದರ ಮ್ಯಾಲೆ ಏರಿದಂಗ ಕಡೀತಾರ. 12 ದಾಟಿತಂದ್ರ ಗಾಡಿ ವಾಪಸ್."

"ಅಲ್ಲೋ, ಹೊಲದಾಗ ನೀರಿಲ್ಲಂದ್ರ ಹತ್ತಿ ಬರೂದಿಲ್ಲ, ಹತ್ತಿಯಾಗ ನೀರೈತೆಂದ್ರ ಕೊಳ್ಳೂದಿಲ್ಲ. ಎಲ್ಲಿ ನ್ಯಾಯಲೇ ಇದು!"

ಕಾಕಾ ಕೇಳಿದ್ದು ಖರೇನ. ಆದ್ರ ಹತ್ತಿಗೆ ನೀರಿನ ತಾರೀಖು ಭಾಳ ಬಿಗಿ.

"ಹೂ ಅರಳಿದ ದಿನಾನ ಕಾಳಿನ ಸಿಪ್ಪಿ ಮ್ಯಾಲೆ ಎಳಿ ಮೂಡತಾವ, ಕಾಕಾ. ಒಂದು ಎಳಿ ಅಂದ್ರ ಒಂದ ಜೀವಕೋಶ. ಸಕ್ಕರಿ, ಪೊಟ್ಯಾಶ್ ಒಳಗ ಕೂಡಿಟಗೊಂಡು ನೀರು ಜಗ್ಗತೈತಿ. ಸೈಕಲ್ ಟ್ಯೂಬಿಗೆ ಗಾಳಿ ಹೊಡದಂಗ ಆ ನೀರು ಒಳಗಿಂದ ಒತ್ತಿದ್ರನ ಎಳಿ ಉದ್ದ ಆಗೂದು. ಹೆಚ್ಚೂಕಡಿಮಿ ಮೂರು ವಾರದ ಆಟ. ಆಗ ನೆಲದ ಹಸಿ ಹಾರಿತೋ, ಎಳಿ ಗಿಡ್ಡ. ಆಮ್ಯಾಲೆ ಎಂಥಾ ಮಳಿ ಹೊಡದ್ರೂ ಉದ್ದ ಆಗೂದಿಲ್ಲ."

"ಅಷ್ಟಕ್ಕ ಮುಗೀತು?"

"ಎಲ್ಲಿ! ಮುಂದ ಕೆಲವು ವಾರ ಎಳಿಯ ಗೋಡಿಗೆ ಒಳಗಿಂದ ಪದರ ಪದರ ಸೆಲ್ಯುಲೋಸ್ ಕೂಡತೈತಿ. ಆವಾಗ ಗಿಡ ಬಾಡಿದ್ರ ಎಳಿ ಉದ್ದ ಇದ್ರೂ ಪೊಳ್ಳು. ಅಂಥಾ ನೂಲು ಬಣ್ಣಾನೂ ಸರಿಯಾಗಿ ಹಿಡಿಯೂದಿಲ್ಲ."

"ಹಂಗಾದ್ರ ನೀರು ಜಡದ ಬಿಡೂದು."

"ಎರಿ ಹೊಲದಾಗ ನೀರು ನಿಲ್ಲಿಸಿದ್ರ ಬೇರಿಗೆ ಉಸಿರ ಕಟ್ಟತೈತಿ, ಕಾಕಾ. ಮೊಗ್ಗು, ಹೀಚು ಎಲ್ಲಾ ಉದರತಾವ."

"ನಮ್ಮಪ್ಪ ಜಯಧರ ಹತ್ತಿ ಬಿತ್ತಿ, ಹಿಂಗಾರಿ ಹಸಿಯೊಳಗ ಬೆಳದು ತೋರಿಸಿದಾಂವ. ಯಾವ ಬೋರೂ ಇರಲಿಲ್ಲ."

"ಅದರ ಬೇರು ಆಳಕ್ಕ ಇಳೀತಿತ್ತು, ಎಳಿ ಗಿಡ್ಡ ಇತ್ತು. ಉದ್ದ ಎಳಿ ಬೇಕಂತ 1972ರಾಗ ಧಾರವಾಡದಾಗ ವರಲಕ್ಷ್ಮಿ ತಳಿ ಹುಟ್ಟಿಸಿದ್ರು. ಉದ್ದ ಎಳಿಗೆ ನೀರಿನ ಬಾಯಿನೂ ದೊಡ್ಡದು."

ಕಾಕಾ ಒಂದು ಒಡದ ಕಾಯಿ ಹರದು ಬೆರಳಾಗ ಹಿಂಜಿ ನೋಡಿದ. ಕಾಯಿ ಒಡದ ಮ್ಯಾಲೆ ಎಳಿಯ ದಾರೀನ ಬ್ಯಾರೆ. ನೀರು ಹಾರಿ ಆ ಕೊಳವಿಯಂಥಾ ಎಳಿ ಚಪ್ಪಟಿ ಆಗಿ ತಿರುಚಿಕೊಳ್ಳತೈತಿ. ಎಳಿಗೆ ಎಳಿ ಸಿಕ್ಕು ನೂಲಾಗೂದು ಆ ತಿರುವಿನಿಂದ. ಹತ್ತಿ ಒಣಗೂದೂ ಒಂದು ಬೆಳವಣಿಗೀನ ಅಂತೀನಿ ನಾನು. ಹಂಗಂತ ಕರಕಲು ಒಣಗಿಸಿದ್ರ ಜಿನ್ನಿನಾಗ ಎಳಿ ಹರೀತಾವ, ಅದೂ ಬ್ಯಾಡ.

"ಹಸೀದು ಒಟ್ಟಿದ್ರ?"

"ಒಟ್ಟಿಲಿನ ಒಳಗ ಕಾವು ಏರತೈತಿ. ಅರಳಿ ಹಳದಿ, ಕಾಳಿನ ಎಣ್ಣಿ ಕೆಡತೈತಿ, ಮೊಳಕಿ ಸಾಯತೈತಿ. ಕಾಳು ಮೊಳೀಬೇಕಂದ್ರ ಹತ್ರತ್ರ ತನ್ನ ತೂಕದ ಅರ್ಧದಷ್ಟು ನೀರು ಕುಡೀಬೇಕು, ತೆಗದಿಡಬೇಕಂದ್ರ ನೂರಕ್ಕ ಹತ್ತರ ಒಳಗಿರಬೇಕು."

"ಬೀಜಕ್ಕ ಯಾರ್ ತೆಗದಿಡತಾರೋ ಈಗ? ಎಲ್ಲಾ ಪಾಕೀಟಿನ ಬೀಜ. ಹತ್ತಿಕಾಳು ನಮ್ಮ ಎಮ್ಮಿಗೆ, ಹಾಲು ಗಟ್ಟಿ ಆಗತೈತಿ."

"ಆ ಎಮ್ಮಿ ಹಾಲು ನಮ್ಮನಿಗೇ ಬರೂದಲ್ಲ, ಕಾಕಾ!"

"ಬರತೈತಿ. ಅದರಾಗ ನೀರೆಷ್ಟು ಅಂತ ಮಾತ್ರ ಲೆಕ್ಕಾ ಹಾಕಬ್ಯಾಡ."