ರಾಗ ಯಾವುದು, ಕಾಫಿ ಎಲ್ಲಿ?

ಬೆಂಗಳೂರಿನಲ್ಲಿ ರಾಮನವಮಿ ಎಂದರೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಜೊತೆಗೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ಸಂಗೀತ. ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಹಚ್ಚಿದ ಈ ಹುಚ್ಚು ಇನ್ನೂ ಇಳಿದಿಲ್ಲ.

ಚಪ್ಪರದಡಿ ಗೆಳೆಯರದ್ದೇ ಬೇರೊಂದು ಕಛೇರಿ. ಗಾಯಕರು ಆಲಾಪನೆ ಎತ್ತಿದೊಡನೆ ಒಬ್ಬರು “ಭೈರವಿ” ಎನ್ನುತ್ತಾರೆ. “ಅಲ್ಲ ಕಣಯ್ಯ, ಮಾಂಜಿ” ಎಂದು ಪಕ್ಕದವರು ತಿದ್ದುತ್ತಾರೆ. ಖಾತ್ರಿ ಇಬ್ಬರಿಗೂ ಇಲ್ಲ. ತಲೆ ಮಾತ್ರ ಒಟ್ಟಿಗೇ ತೂಗುತ್ತದೆ. ಮೂರನೆಯವರು ಚೀಲದಿಂದ ತ್ಯಾಗರಾಜರ ಕೃತಿಗಳ ಪುಸ್ತಕ ತೆಗೆದು, ಕನ್ನಡಕ ಹುಡುಕಿ, ಪುಟ ತಿರುವುವಷ್ಟರಲ್ಲಿ ಪಲ್ಲವಿ, ಅನುಪಲ್ಲವಿ ದಾಟಿ ಚರಣ ಬಂದಿರುತ್ತದೆ.

ತನಿ ಆವರ್ತನ ಶುರುವಾಯಿತೋ, ಅರ್ಧ ಸಭೆ ಎದ್ದು ಕಾಫಿ ಅರಸಿ ಹೊರಡುತ್ತದೆ. ಒಳಗೆ ಮೃದಂಗ, ಘಟಗಳ ಲೆಕ್ಕಾಚಾರ. ಹೊರಗೆ ಬೈಟು ಕಾಫಿಯ ಲೆಕ್ಕಾಚಾರ.

ಲಯವಾದ್ಯದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಕಾಫಿಪ್ರಿಯರೇ, ಮುಂದಿನ ರಾಮನವಮಿಗಾದರೂ ತನಿ ಮುಗಿಯುವ ತನಕ ಕೂತಿರಿ.