ದೇವನೂರ ಕಂಬಗಳ್ಳಿ ಮೀಮಾಂಸೆ

ಕ್ಷೇತ್ರನಿರ್ಣಯ

ಕನ್ನಡದಲ್ಲಿ ವಿದ್ವತ್ ಪ್ರಬಂಧವೆಂದರೆ ಊರಿನ ಜಗಳದಿಂದಲೇ ಶುರುವಾಗಬೇಕೆಂಬುದು ಶಿಷ್ಟಾಚಾರ. ಕವಿ ಯಾವ ಊರಿನವನೆಂದು ತೀರ್ಮಾನವಾಗುವ ತನಕ ಅವನ ಮೊದಲ ಪದ್ಯವನ್ನೂ ಓದದ ಪರಂಪರೆ ನಮ್ಮದು. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: ಇಲ್ಲಿ ದೇವನೂರು ಎಂದರೆ ಮೈಸೂರು ಜಿಲ್ಲೆಯ, ನಂಜನಗೂಡು–ತಿ. ನರಸೀಪುರ ಸೀಮೆಯ ದೇವನೂರು, ಕಡೂರು ತಾಲ್ಲೂಕಿನದಲ್ಲ. ಕಡೂರಿನ ದೇವನೂರಿಗೆ ಜೈಮಿನಿ ಭಾರತದ ಲಕ್ಷ್ಮೀಶನಿದ್ದಾನೆ. ಅವನು ಉಪಮಾಲೋಲ, ಮೇಲಾಗಿ ಕರ್ಣಾಟ ಕವಿಚೂತವನ ಚೈತ್ರ. ಮಾವಿನ ತೋಪು, ಉಪಮೆ ಎರಡರ ಹಕ್ಕನ್ನೂ ಆ ಊರಿಗೇ ಬಿಟ್ಟುಕೊಟ್ಟು, ಉಳಿದಿದ್ದ ಕಳ್ಳಿಯನ್ನು ನಾವು ತೆಗೆದುಕೊಂಡಿದ್ದೇವೆ. ಉಪಮೆ ಒಂದನ್ನು ಮಾತ್ರ ಸಾಲ ತಂದಿದ್ದೇವೆ, ಮುಂದೆ ಬರುತ್ತದೆ.

ನಮ್ಮ ದೇವನೂರಿಗೆ ದೇವನೂರ ಮಹಾದೇವ ಇದ್ದಾರೆ, 1984ರ ‘ಕುಸುಮಬಾಲೆ’ ಇದೆ, ಗುರುಮಲ್ಲೇಶ್ವರ ದಾಸೋಹ ಮಠ ಇದೆ. ಇವುಗಳಲ್ಲಿ ಕಳ್ಳಿಶಾಸ್ತ್ರಕ್ಕೆ ನೇರ ಸಂಬಂಧಪಟ್ಟದ್ದು ದಾಸೋಹ. ಹೇಗೆಂಬುದು ಜಲಪ್ರಕರಣದಲ್ಲಿದೆ. ವಿದ್ವಾಂಸರು ಮುಂಚೆಯೇ ಪುಟ ತಿರುಗಿಸಿ ನೋಡಬಾರದು.

ಲಕ್ಷಣಪ್ರಕರಣ

‘ಮುಳ್ಳಿರುವ ಹಸಿರು ಕಂಬವೇ ಕಂಬಗಳ್ಳಿ’ ಎಂದು ಕೆಲವರು. ಇದರಲ್ಲಿ ಅತಿವ್ಯಾಪ್ತಿ ದೋಷವಿದೆ. ಬೇಲಿಯ ಜಡೆಗಳ್ಳಿಗೂ ಹಸಿರಿದೆ, ಮುಳ್ಳಿದೆ, ಬಿಟ್ಟರೆ ಅದೂ ಆಳೆತ್ತರ ದಾಟುತ್ತದೆ. ಆದರೆ ಅದು ಯೂಫೋರ್ಬಿಯ ಕುಲದ್ದು, ಕ್ಯಾಕ್ಟಸ್ಸಿಗೂ ಅದಕ್ಕೂ ನೆಂಟಸ್ತನವಿಲ್ಲ. ಪರೀಕ್ಷೆ ಸುಲಭ. ಉಗುರಿನಲ್ಲಿ ಗೀರಿ ನೋಡಿ: ಬೆಳ್ಳಗೆ ಹಾಲು ಸುರಿದರೆ ಯೂಫೋರ್ಬಿಯ, ಬರೀ ನೀರು ಜಿನುಗಿದರೆ ಕ್ಯಾಕ್ಟಸ್. ಆ ಹಾಲಿನ ಕೈಯಲ್ಲಿ ಕಣ್ಣು ಮುಟ್ಟಿಕೊಂಡವರು ಪ್ರಬಂಧದ ಮುಂದಿನ ಭಾಗ ಓದುವ ಸ್ಥಿತಿಯಲ್ಲಿರುವುದಿಲ್ಲ; ಆದ್ದರಿಂದ ಕೈ ತೊಳೆಯುವುದು ಶಾಸ್ತ್ರದ ಅಂಗ. ಗೀರಲು ಮನಸ್ಸಿಲ್ಲದ ಅಹಿಂಸಾವಾದಿಗಳು ಮುಳ್ಳಿನ ಬುಡ ನೋಡಬಹುದು. ಬೇಲಿಕಳ್ಳಿಯ ಮುಳ್ಳು ಜೋಡಿಜೋಡಿಯಾಗಿ ಬರುತ್ತದೆ. ಕ್ಯಾಕ್ಟಸ್ಸಿನದು ಹತ್ತಿಯಷ್ಟು ಮೆತ್ತಗಿನ ಒಂದು ಪುಟ್ಟ ಗದ್ದುಗೆಯ ಮೇಲೆ ಗುಂಪಾಗಿ ಕೂತಿರುತ್ತದೆ.

ಕ್ಯಾಕ್ಟಸ್ ಕುಲವೆಲ್ಲ ಅಮೆರಿಕ ಖಂಡಗಳದ್ದು. ಆಫ್ರಿಕದಲ್ಲೂ ಶ್ರೀಲಂಕಾದಲ್ಲೂ ತಾನಾಗಿ ಸಿಗುವ ಒಂದು ಜೋತಾಡುವ ಜಾತಿಯನ್ನು ಬಿಟ್ಟರೆ ಇದಕ್ಕೆ ಅಪವಾದವಿಲ್ಲ. ಅಂದರೆ 1492ಕ್ಕೆ ಮುಂಚೆ ನಂಜನಗೂಡು ಸೀಮೆಯಲ್ಲಿ ಕ್ಯಾಕ್ಟಸ್ ಮುಳ್ಳು ತುಳಿದವರು ಯಾರೂ ಇಲ್ಲ. ಜಾಲಿಮುಳ್ಳು ಯಥೇಚ್ಛವಾಗಿದ್ದುದರಿಂದ ಆ ಕೊರತೆ ಯಾರ ಗಮನಕ್ಕೂ ಬರಲಿಲ್ಲ.

ಪಾಪಾಸುಕಳ್ಳಿಯ ಪುರಾಣವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಕೆಂಪು ಬಣ್ಣ ಕೊಡುವ ಕಾಚಿನೀಲ್ ಹುಳು ಸಾಕಿ ಲಾಭ ಮಾಡಬೇಕೆಂದು ಈಸ್ಟ್ ಇಂಡಿಯಾ ಕಂಪನಿಗೆ ಆಸೆಯಾಯಿತು. 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳುವೂ ಬಂತು. ಬಂದದ್ದು ತಪ್ಪು ಹುಳು. ಬಣ್ಣ ಕೀಳಾಯಿತು, ಆದರೆ ಹುಳುವಿನ ಹಸಿವು ಮೇಲ್ದರ್ಜೆಯದ್ದು. ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸಿತು. ಉಳಿದ ಇನ್ನೊಂದು ಜಾತಿ ದಕ್ಷಿಣದ ಹೊಲಗದ್ದೆಗಳನ್ನೆಲ್ಲ ನುಂಗುತ್ತ ಹೋದಾಗ, 1926ರಲ್ಲಿ ಶ್ರೀಲಂಕಾದಿಂದ ಬೇರೊಂದು ಹುಳು ತರಿಸಿ ಬಿಡಬೇಕಾಯಿತು. ಜಗತ್ತಿನ ಕೀಟಶಾಸ್ತ್ರದ ಪುಸ್ತಕಗಳು ಇದನ್ನು ಜೈವಿಕ ನಿಯಂತ್ರಣದ ಯಶಸ್ಸೆಂದು ಹೊಗಳುತ್ತವೆ. ಲೆಕ್ಕ ಹೀಗಿದೆ: ವ್ಯಾಪಾರಕ್ಕೆ ತಂದದ್ದು ಸೋತು ಕಳೆ ಕೊಂದಿತು, ಕಳೆ ಕೊಲ್ಲಲು ತಂದದ್ದು ಗೆದ್ದಿತು, ಬಣ್ಣ ಮಾತ್ರ ಯಾರಿಗೂ ಸಿಗಲಿಲ್ಲ.

ಈಗ ಮೈಸೂರು ಸೀಮೆಯ ಹೊಲಗಳಲ್ಲಿ ಸಾಲು ಸಿಮೆಂಟ್ ಕಂಬ ನೆಟ್ಟು ಡ್ರ್ಯಾಗನ್ ಫ್ರೂಟ್ ಹಬ್ಬಿಸುತ್ತಿದ್ದಾರೆ. ಅದೂ ಕ್ಯಾಕ್ಟಸ್ಸೇ, ಆದರೆ ಬಳ್ಳಿ. ಅಲ್ಲಿ ಕಂಬವೂ ಇದೆ, ಕಳ್ಳಿಯೂ ಇದೆ, ಕಂಬಗಳ್ಳಿ ಮಾತ್ರ ಇಲ್ಲ. ತಾರ್ಕಿಕರು ಇದನ್ನು ಚೆನ್ನಾಗಿ ಮನನ ಮಾಡಬೇಕು.

ನಿಜವಾದ ಕಂಬಗಳ್ಳಿಯೆಂದು ನರ್ಸರಿಗಳಲ್ಲಿ ಸಿಗುವುದು ಹೆಚ್ಚಾಗಿ ಸೀರಿಯಸ್ ಪೆರುವಿಯಾನಸ್. ಹೆಸರು ಪೆರುವಿನದು, ಹುಟ್ಟು ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆಯದು. ಊರಿನ ಜಗಳ ಕನ್ನಡ ಕವಿಗಳಿಗೆ ಮಾತ್ರವಲ್ಲ. ನೀಲಿ ಬೆರೆತ ಹಸಿರು ಮೈ, ಅದರ ಮೇಲೆ ತೆಳುವಾದ ಮೇಣ, ಐದರಿಂದ ಎಂಟು ಏಣು. ನೀರು ಕುಡಿದಾಗ ಏಣುಗಳ ನಡುವಿನ ಕಣಿವೆ ಉಬ್ಬಿಕೊಳ್ಳುತ್ತದೆ, ಬಾಯಾರಿದಾಗ ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಳ್ಳುತ್ತದೆ. ಸಾಲ ತಂದ ಉಪಮೆ ಇದೇ, ಬಡ್ಡಿಸಮೇತ ತೀರಿಸಿದ್ದೇವೆ.

ಸಿನಿಮಾದಲ್ಲಿ ಕೌಬಾಯ್ ಹಿಂದೆ ಕೈಯೆತ್ತಿ ನಿಲ್ಲುವ ಕಳ್ಳಿಯೇ ಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ಅದು ಅರಿಜೋನಾದ ಸಗ್ವಾರೊ. ಬೀಜ ಹಾಕಿದ ಮೇಲೆ ಹೆಬ್ಬೆರಳೆತ್ತರ ಬರುವುದಕ್ಕೇ ಹತ್ತು ವರ್ಷ ಬೇಕು, ಮೊದಲ ಹೂವಿಗೆ ಸುಮಾರು 35 ವರ್ಷ, ಮೊದಲ ತೋಳು ಮೂಡಲು 50ರಿಂದ 75 ವರ್ಷ. ಆಸ್ತಿ ಪಾಲಾಗುವ ಮನೆಗಳಲ್ಲಿ ಅದನ್ನು ನೆಡುವುದು ಉಚಿತವಲ್ಲ. ಸೀರಿಯಸ್ಸಾದರೆ ಹದವಾಗಿ ನೋಡಿಕೊಂಡಲ್ಲಿ ವರ್ಷಕ್ಕೊಂದು ಅಡಿಗೂ ಹೆಚ್ಚು ಏರುತ್ತದೆ.

ವಾಸ್ತುಪೂರ್ವಪಕ್ಷ

‘ಮುಳ್ಳಿನ ಗಿಡ ಮನೆಯಲ್ಲಿ ಇಡಬಾರದು, ಜಗಳವಾಗುತ್ತದೆ’ ಎಂಬುದು ಪೂರ್ವಪಕ್ಷ. ಇದಕ್ಕೆ ಉತ್ತರ: ಹಾಗೆನ್ನುವ ಮನೆಯ ಹಿತ್ತಲಲ್ಲೇ ಬ್ರಹ್ಮಕಮಲವಿದೆ. ಅದು ರಾತ್ರಿ ಅರಳಿದಾಗ ಇಡೀ ಬೀದಿಯನ್ನು ಕರೆದು, ಆರತಿ ಎತ್ತಿ, ಫೋಟೋ ಹಿಡಿದು ಹಂಚುತ್ತಾರೆ. ಹಿಮಾಲಯದ ಅಸಲಿ ಬ್ರಹ್ಮಕಮಲ ಬೇರೆ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ ಕಡೆಯಿಂದ ಬಂದ ಕ್ಯಾಕ್ಟಸ್. ಕ್ಯಾಕ್ಟಸ್ಸಿಗೆ ಈಗಾಗಲೇ ಮಂಗಳಾರತಿ ಆಗಿಹೋಗಿರುವಾಗ ವಾಸ್ತುಚರ್ಚೆಗೆ ಅವಕಾಶವೆಲ್ಲಿದೆ? ಇನ್ನು ಜಗಳ. ಅದು ಮನೆಗೆ ಕಳ್ಳಿ ಬರುವುದಕ್ಕೆ ಮುಂಚೆಯೂ ಇತ್ತೆಂದು ನೆರೆಹೊರೆಯವರು ಸಾಕ್ಷಿ ಹೇಳುತ್ತಾರೆ.

ಮೃತ್ತಿಕಾಪ್ರಕರಣ

ಈ ಸೀಮೆಯ ಕಳ್ಳಿಶಾಸ್ತ್ರದ ಆದ್ಯ ಆಚಾರ್ಯೆ ಅಲಮೇಲಮ್ಮ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ಮೇಲೆ, ಒಡವೆಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಕಾವೇರಿಗೆ ಹಾರುವಾಗ ಆಕೆ ಕೊಟ್ಟಳೆಂಬ ಶಾಪ ಎಲ್ಲರಿಗೂ ಬಾಯಿಪಾಠ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ದೊರೆಗೆ ಸಂತಾನವಿಲ್ಲ ಎಂಬುದು ಅದರ ಸಾರ. ಜನ ಇದನ್ನು ಶಾಪವೆಂದು ನಂಬಿದರು, ಭೂವಿಜ್ಞಾನಿಗಳು ನದಿಯ ತಿರುವು, ಗಾಳಿ ಎಂದೆಲ್ಲ ವಿವರಿಸಿದರು. ಇದು ಕುಂಡಕ್ಕೆ ಮಣ್ಣು ತುಂಬುವ ಸೂತ್ರವೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೊದಲ ಪಾದದಲ್ಲಿ ಮರಳು, ಅಂದರೆ ನೀರು ಬಸಿದುಹೋಗುವ ನೆಲೆ. ಎರಡನೆಯ ಪಾದದಲ್ಲಿ ಮಡು, ಅಂದರೆ ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರು, ಸರ್ವನಾಶ. ಮೂರನೆಯ ಪಾದದ ಅರ್ಥ ಫಲಪ್ರಕರಣದಲ್ಲಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಾಗೆಂದು ಯಾರೂ ಚೀಲ ಹಿಡಿದು ತಲಕಾಡಿಗೆ ಹೋಗಬಾರದು. ಅಲ್ಲಿಯ ಮರಳಿನಡಿ ದೇವಾಲಯಗಳಿವೆ, ಕಾವಲೂ ಇದೆ. ಮನೆ ಕಟ್ಟುವವರ ಮುಂದೆ ಬಿದ್ದ ದಪ್ಪ ಮರಳನ್ನು ಕೇಳಿ ತಂದು, ಜರಡಿ ಹಿಡಿದು ದೂಳು ತೆಗೆದರೆ ಸಾಕು. ನಂಜನಗೂಡಿನ ಕಪ್ಪು ಜೇಡಿಮಣ್ಣು ರಸಬಾಳೆಗೆ ಪ್ರಾಣ, ಅದಕ್ಕೆ ಭೌಗೋಳಿಕ ಸೂಚಕದ ಕೀರ್ತಿಯನ್ನೂ ತಂದಿದೆ. ಕಂಬಗಳ್ಳಿಗೆ ಮಾತ್ರ ಅದು ಮಾಲಂಗಿ ಮಡು. ಮಳೆಗಾಲದಲ್ಲಿ ನೀರು ಹಿಡಿದುಕೊಂಡರೆ ಬಿಡುವುದಿಲ್ಲ. ದಪ್ಪ ಮರಳು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಕಡಲೆಕಾಯಿ ಗಾತ್ರದ ಇಟ್ಟಿಗೆ ಚೂರು ಒಂದು ಪಾಲು, ಪುಡಿಯಾದ ಹಳೇ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು. ಕುಂಡ ಮಣ್ಣಿನದಾಗಿರಲಿ, ಭಾರವಾಗಿರಲಿ, ಅಡಿಯಲ್ಲಿ ತೂತಿರಲಿ. ಹಗುರ ಪ್ಲಾಸ್ಟಿಕ್ ಕುಂಡದಲ್ಲಿ ನಾಲ್ಕಡಿಯ ಕಂಬಗಳ್ಳಿ ಆಷಾಢದ ಗಾಳಿಗೆ ಬಿದ್ದು, ದಾರಿಯಲ್ಲಿ ಹೋಗುತ್ತಿದ್ದವರಿಗೆ ವಾಸ್ತುದೋಷ ಇದೆಯೆಂದೇ ಸಾಬೀತು ಮಾಡುತ್ತದೆ.

ಜಲಪ್ರಕರಣ

ಇದೇ ಶಾಸ್ತ್ರದ ಹೃದಯ. ನೀರು ಹಾಕುವ ವಿಧಿಗೆ ಮೂರು ಪಾಠಗಳು ಲಭ್ಯವಿವೆ. ‘ವಾರಕ್ಕೊಂದು ಸಲ’ ಎಂಬುದು ನರ್ಸರಿ ಪಾಠ. ‘ತಿಂಗಳಿಗೊಂದು ಸಲ, ಅದೂ ಚಮಚದಲ್ಲಿ’ ಎಂಬುದು ಯೂಟ್ಯೂಬ್ ಪಾಠ. ಮೂರನೆಯದು ಮೌಖಿಕ ಪರಂಪರೆಯದು, ಪಕ್ಕದ ಮನೆಯ ಅಜ್ಜಿಯ ಪಾಠ: ‘ಪಾಪ, ಒಣಗೋಗದ ಕನವ್ವ, ಒಸಿ ನೀರ್ ಬುಡು.’

ಗ್ರಂಥಸಂಪಾದನೆಯ ನಿಯಮದಂತೆ ತೌಲನಿಕವಾಗಿ ನೋಡಿದರೆ ಮೊದಲೆರಡೂ ಭ್ರಷ್ಟಪಾಠಗಳು. ಗಿಡಕ್ಕೆ ಪಂಚಾಂಗ ತಿಳಿಯದು, ತೇವ ತಿಳಿಯುತ್ತದೆ. ಊದುಬತ್ತಿಯ ಕಡ್ಡಿಯೊಂದನ್ನು ಕುಂಡದ ತಳದ ತನಕ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಮಣ್ಣು ಅಂಟಿಕೊಂಡು ಬಂದರೆ ಚೊಂಬು ಕೆಳಗಿಡಿ. ಒಣಗಿದ್ದರೆ ಅಡಿಯ ತೂತಿನಿಂದ ಹರಿದು ಬರುವಷ್ಟು ಧಾರಾಳವಾಗಿ ಹಾಕಿ, ಮತ್ತೆ ಪೂರ್ತಿ ಒಣಗುವ ತನಕ ಮರೆತುಬಿಡಿ. ಬೇಸಿಗೆಯಲ್ಲಿ ಇದು ಹತ್ತು ದಿನಕ್ಕೆ ಬರಬಹುದು, ಚಳಿಗಾಲದಲ್ಲಿ ತಿಂಗಳಿಗೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ 700–800 ಮಿ.ಮೀ. ಮಳೆ ಬೀಳುತ್ತದೆ, ಅರಿಜೋನಾದ ಟೂಸಾನ್‌ನಲ್ಲಿ ಅದರ ಅರ್ಧವೂ ಇಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಬಯಲಲ್ಲಿಟ್ಟ ಕುಂಡಕ್ಕೆ ನೀವು ಹಾಕಬೇಕಾದ ನೀರು ಸೊನ್ನೆ.

ಮೂರನೆಯ ಪಾಠ ಅಪಾಯಕರ, ಯಾಕೆಂದರೆ ಅದರಲ್ಲಿ ಪ್ರೀತಿ ಇದೆ. ದೇವನೂರು ದಾಸೋಹದ ಊರು. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದ ಪದ್ಧತಿ ಇಲ್ಲದ ಕಡೆ, ಜಗಲಿಯ ಮೇಲೆ ದಿನವಿಡೀ ಬಿಸಿಲಲ್ಲಿ ನಿಂತ ಒಂದು ಜೀವಕ್ಕೆ ಇಪ್ಪತ್ತು ದಿನ ನೀರು ಕೊಡಬಾರದೆಂದು ಹೇಳುವುದು ಸಂಸ್ಕೃತಿಯ ಮೇಲೆಯೇ ಮಾಡಿದ ದಾಳಿ. ಹಾಗಾಗಿ ಅಕ್ಕಿ ತೊಳೆದ ನೀರು ಬೀಳುತ್ತದೆ. ಲೋಟ ತೊಳೆದದ್ದು, ಕಾಫಿಯ ಚರಟ, ಪೂಜೆಯ ಕಳಶದ ನೀರು ಎಲ್ಲವೂ ಬೀಳುತ್ತವೆ. ನೆಂಟರು ಕೈ ತೊಳೆಯುವುದೂ ಅಲ್ಲೇ. ಒಬ್ಬೊಬ್ಬರೂ ಹಾಕಿದ್ದು ಒಂದೊಂದೇ ಲೋಟ, ಹಾಗಾಗಿ ಆರೋಪಿ ಯಾರೂ ಇಲ್ಲ. ನೀರಿಲ್ಲದೆ ಸತ್ತ ಕಂಬಗಳ್ಳಿ ಕಾಣಸಿಗುವುದು ಅಪರೂಪ. ಸಾಯುವುದೆಲ್ಲ ಉಪಚಾರದಿಂದ.

ಒಂದು ವೈಜ್ಞಾನಿಕ ಕಾರಣವನ್ನೂ ಸೇರಿಸುತ್ತೇವೆ, ಇಲ್ಲದಿದ್ದರೆ ಪ್ರಬಂಧ ಮಾನ್ಯವಾಗದು. ಬೇರೆ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುವಾಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿ ಹಗಲೆಲ್ಲ ರಂಧ್ರ ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈ ಆಕ್ಸೈಡ್ ಕೂಡಿಡುತ್ತದೆ. ಬಿಸಿಲಲ್ಲಿ ಕೊಂಚವೂ ಬಾಯಿ ಬಿಡದ ಇಂಥ ಮಿತವ್ಯಯಿಗೆ ಬಾಯಾರಿಕೆಯ ನೆಪದಲ್ಲಿ ಕೊಡ ಬಗ್ಗಿಸುವುದು ಅದರ ಸ್ವಭಾವಕ್ಕೇ ಅವಮಾನ.

ಬಿಸಿಲಿನ ಬಗ್ಗೆ ಹೆಚ್ಚಿಲ್ಲ. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು. ಟಿ.ವಿ. ಪಕ್ಕದಲ್ಲಿಟ್ಟರೆ ತುದಿ ಬಿಳಿಚಿಕೊಂಡು ಸಪೂರವಾಗಿ ಬೆಳೆಯುತ್ತದೆ, ಆಮೇಲೆ ಆ ಭಾಗ ಎಂದಿಗೂ ದಪ್ಪವಾಗುವುದಿಲ್ಲ. ಒಳಗಿದ್ದದ್ದನ್ನು ಒಂದೇ ದಿನ ಏಪ್ರಿಲ್ ಬಿಸಿಲಿಗೆ ಹಾಕಿದರೆ ಸುಟ್ಟ ಕಲೆ ಬೀಳುತ್ತದೆ.

ಶಲ್ಯಪ್ರಕರಣ

ಬುಡ ಹಳದಿಯಾಗಿ, ಬೆರಳಿಟ್ಟರೆ ಒಳಗೆ ಹೋದರೆ ರೋಗಿ ಹೆಸರಿಗೆ ತಕ್ಕಂತೆ ಸೀರಿಯಸ್. ಔಷಧಿ ಇಲ್ಲ, ಚೂರಿ ಇದೆ. ಗೋಣಿಚೀಲ ಸುತ್ತಿ ಹಿಡಿದು, ಕೊಳೆತ ಭಾಗಕ್ಕಿಂತ ಮೇಲೆ ಅಡ್ಡ ಕೊಯ್ಯಿರಿ. ಕೊಯ್ದ ಮುಖದಲ್ಲಿ ಕಂದು ಚುಕ್ಕೆ ಒಂದಿದ್ದರೂ ಇನ್ನಷ್ಟು ಮೇಲೆ ಕೊಯ್ಯಬೇಕು. ಹಸಿರುಬಿಳಿ ತಿರುಳು, ನಡುವೆ ಸ್ವಚ್ಛ ಉಂಗುರ ಕಾಣುವ ತನಕ. ಆ ತುಂಡನ್ನು ನೆರಳಲ್ಲಿ ಎರಡು ವಾರ ಸುಮ್ಮನೆ ನಿಲ್ಲಿಸಿ. ಗಾಯ ತೊಗಲುಗಟ್ಟಿದ ಮೇಲೆ ಒಣ ಮರಳಿನಲ್ಲಿ ನೆಡಿ. ಬೇರು ಬರುವ ಮೂರು ನಾಲ್ಕು ವಾರ ನೀರು ನಿಷಿದ್ಧ. ಈ ಅವಧಿಯಲ್ಲಿ ಅಜ್ಜಿಯನ್ನು ಮಗಳ ಊರಿಗೆ ಕಳಿಸುವುದು ಉತ್ತಮ. ಏಣಿನ ಸಂದಿಯಲ್ಲಿ ಬಿಳಿ ಹತ್ತಿ ಕಂಡರೆ ಅದು ಹಿಟ್ಟುತಿಗಣೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ.

ಫಲಪ್ರಕರಣ

ಬಲಿತ ಕಂಬಗಳ್ಳಿ ಅಂಗೈ ಅಗಲದ ಬಿಳಿ ಹೂ ಬಿಡುತ್ತದೆ. ರಾತ್ರಿ ಅರಳಿ ಬೆಳಗಿನ ಬಿಸಿಲಿಗೆ ಬಾಡುತ್ತದೆ. ಹಣ್ಣು ಹೊರಗೆ ಕೆಂಪು, ಒಳಗೆ ಬಿಳಿ ತಿರುಳು, ಕಪ್ಪು ಬೀಜ. ಮುಳ್ಳಿಲ್ಲ, ತಿನ್ನಬಹುದು. ಇಸ್ರೇಲಿನಲ್ಲಿ ಇದನ್ನು ಕೌಬೊ ಎಂಬ ಹೆಸರಿನಲ್ಲಿ ಬೆಳೆದು ಮಾರುತ್ತಾರೆ. ನಮ್ಮಲ್ಲಿ ಹೂ ಬಿಟ್ಟರೂ ಕಾಯಿ ಕಟ್ಟದೆ ಉದುರುವುದೇ ಹೆಚ್ಚು. ದೋಷ ಗಿಡದ್ದಲ್ಲ. ಈ ಜಾತಿ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಬೇರೆ ಮೂಲದ ಗಿಡದ ಪರಾಗ ಬೇಕು. ಒಂದು ಬೀದಿಯ ಕಂಬಗಳ್ಳಿಗಳೆಲ್ಲ ಸಾಮಾನ್ಯವಾಗಿ ಯಾರೋ ಒಬ್ಬರು ಕೊಯ್ದು ಹಂಚಿದ ತುಂಡುಗಳು; ಹತ್ತು ಕುಂಡದಲ್ಲಿದ್ದರೂ ಗಿಡ ಒಂದೇ. ಅಲಮೇಲಮ್ಮನ ಮೂರನೆಯ ಪಾದ ಇದು. ದತ್ತು ಸ್ವೀಕಾರದಿಂದ ವಂಶ ಬೆಳೆದೀತು, ಹಣ್ಣು ಬರದು.

ಆದಕಾರಣ ಓದುಗರಲ್ಲಿ ವಿನಂತಿ: ಕೊಳ್ಳೇಗಾಲ, ಹುಣಸೂರು, ಮಂಡ್ಯ, ಎಲ್ಲಿಯವರಾದರೂ ಸರಿ, ಬೇರೆ ತಾಯಿಗಿಡದ ಒಂದಡಿ ತುಂಡು ನಿಮ್ಮಲ್ಲಿದ್ದರೆ ಕೊಯ್ದ ಬಾಯಿ ಒಣಗಿಸಿ, ಪೇಪರಿನಲ್ಲಿ ನಾಲ್ಕು ಸುತ್ತು ಸುತ್ತಿ ದೇವನೂರಿಗೆ ತನ್ನಿ. ಬೀಜದಿಂದ ಬೆಳೆಸಿದ ಗಿಡವಾದರೆ ಇನ್ನೂ ಒಳ್ಳೆಯದು. ಬಸ್ಸಿನಲ್ಲಿ ಬರುವವರು ಅದನ್ನು ಸೀಟಿನ ಮೇಲೆ ಇಡಬೇಡಿ.